ಬಾಗಿಲು ತಾಗೋದು ಕೆಳಗೆ, ರೋಗ ಇರೋದು ಮೇಲೆ

ಹೋದ ವರ್ಷ ರಜೆಗೆ ಊರಿಗೆ ಹೋದಾಗ ಅಡುಗೆಮನೆ ಬಾಗಿಲಿನ ಮೂಲೆ ಹೊಸ್ತಿಲಿಗೆ ತಾಗಿ ಮುಚ್ಚುತ್ತಿರಲಿಲ್ಲ. "ಇಂಜಿನಿಯರ್ ಬಂದಿದ್ದಾನಲ್ಲ, ಸರಿ ಮಾಡ್ತಾನೆ" ಅಂದಳು ಅಮ್ಮ. ನಾನೂ ತೋಪಡ ಹಿಡಿದು ಕೆಳಗಿನ ಅಂಚನ್ನು ಕೀಸಿಬಿಟ್ಟೆ. ಆರೇ ತಿಂಗಳಲ್ಲಿ ಬಾಗಿಲು ಮತ್ತೆ ತಾಗಿತು.

ಫಸ್ಟ್ ಇಯರ್ ಮೆಕ್ಯಾನಿಕ್ಸ್ ನೆನಪಿಸಿಕೊಳ್ಳಿ. ಬಾಗಿಲಿನ ತೂಕ 200 ನ್ಯೂಟನ್, ಅಗಲ 0.8 ಮೀಟರ್, ಎರಡು ಕೀಲುಗಳ ನಡುವೆ 1.6 ಮೀಟರ್ ಅಂತಿಟ್ಟುಕೊಳ್ಳಿ. ತೂಕ ಬೀಳುವುದು ಕೀಲಿನಿಂದ 0.4 ಮೀಟರ್ ದೂರದಲ್ಲಿ. 200 × 0.4 ÷ 1.6 = 50 ನ್ಯೂಟನ್. ಅಂದರೆ ಮೇಲಿನ ಕೀಲನ್ನು ಚೌಕಟ್ಟಿನಿಂದ ಹೊರಕ್ಕೆ ಅಷ್ಟು ಬಲ ಸದಾ ಎಳೆಯುತ್ತಿರುತ್ತದೆ. ಕೆಳಗಿನದನ್ನು ಒಳಕ್ಕೆ ಒತ್ತುತ್ತಿರುತ್ತದೆ. ಮೇಲಿನ ಸ್ಕ್ರೂ ಸಡಿಲವಾದರೆ ಚಿಲಕದ ಕಡೆಯ ಕೆಳಮೂಲೆ ಇಳಿಯುತ್ತದೆ.

ಹಾಗಾಗಿ ಮೊದಲು ಹಿಡಿಯಿಂದ ಬಾಗಿಲನ್ನು ಮೇಲಕ್ಕೆತ್ತಿ ನೋಡಿ. ಮೇಲಿನ ಕೀಲು ಅಲುಗಾಡಿದರೆ:

1. ಬಾಗಿಲು ತೆರೆದು, ಕೆಳಗೆ ಮಡಿಸಿದ ಪೇಪರ್ ತುರುಕಿ ಭಾರ ಇಳಿಸಿ.
2. ಸಡಿಲ ಸ್ಕ್ರೂ ಬಿಚ್ಚಿ, ತೂತಿಗೆ ಫೆವಿಕಾಲ್ ಸವರಿದ, ಮದ್ದು ತೆಗೆದ ಬೆಂಕಿಕಡ್ಡಿ ತುಂಬಿ.
3. ಒಂದು ರಾತ್ರಿ ಒಣಗಲು ಬಿಟ್ಟು ಸ್ಕ್ರೂ ಬಿಗಿ ಮಾಡಿ.

ಕೀಲು ಗಟ್ಟಿಯಿದ್ದು ಮಳೆಗಾಲದಲ್ಲಿ ಮಾತ್ರ ತಾಗಿದರೆ ಮರ ತೇವಕ್ಕೆ ಊದಿರಬಹುದು. ಆಗಲೂ ಕೀಸುವ ಅವಸರ ಬೇಡ. ಒಣಗಿದ ಮೇಲೆ ಅಂಚುಗಳಿಗೂ ಪೇಂಟ್ ಹೊಡೆಯಿರಿ.

ಈ ಸಲ ಕಡ್ಡಿ ತುಂಬಿ ಬಿಗಿ ಮಾಡಿದೆ. ಬಾಗಿಲು ನೆಟ್ಟಗಾಯ್ತು, ಮೇಲೆದ್ದ ಹಾಗೆ ನಾನು ಕೀಸಿದ ಸಂದಿಯೂ ದೊಡ್ಡದಾಯ್ತು! ಇಲಿ ಬರುತ್ತೆ ಅಂತ ಅಮ್ಮ ದಿನಾ ರಾತ್ರಿ ಅಲ್ಲಿಗೆ ಗೋಣಿಚೀಲ ಒತ್ತಿಟ್ಟು ಮಲಗ್ತಾಳೆ.