ಹಳೆಯ ಕೈಗಡಿಯಾರವೂ ಅದರ ಬೆಲೆಯೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ವಸ್ತುವು ಹಳೆಯದಾದಂತೆ ಅದರ ಬೆಲೆ ಇಳಿಯುತ್ತ ಹೋಗುವುದು ಲೋಕದ ಸಾಮಾನ್ಯ ನಿಯಮ. ಬಟ್ಟೆಯಾಗಲಿ, ಬೈಸಿಕಲ್ಲಾಗಲಿ, ನಾವು ಓದಿ ಮುಗಿಸಿದ ಪಠ್ಯಪುಸ್ತಕವಾಗಲಿ ಈ ನಿಯಮಕ್ಕೆ ಹೊರತಲ್ಲ. ಆದರೆ ಕೆಲವು ವಸ್ತುಗಳು ಇದನ್ನು ಮೀರಿ ನಿಲ್ಲುತ್ತವೆ. ಹಳೆಯ ಸ್ವಯಂಚಾಲಿತ ಕೈಗಡಿಯಾರವು ಅಂಥವುಗಳಲ್ಲಿ ಒಂದು. ಅದರ ಬೆಲೆ ಯಾವುದರಿಂದ ಉಂಟಾಗುತ್ತದೆ, ಅದನ್ನು ಸಂಗ್ರಾಹಕರಿಗೆ ಮಾರುವವನು ತಿಳಿದಿರಬೇಕಾದುದೇನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಈ ವಿಷಯವನ್ನು ನಾನು ಪುಸ್ತಕದಿಂದ ಆರಿಸಿಕೊಂಡವನಲ್ಲ. ನಾನೇ ಮಾಡಿದ ಒಂದು ತಪ್ಪಿನಿಂದ ಕಲಿತೆನು.

ಮೊದಲು ಸ್ವಯಂಚಾಲಿತ ಗಡಿಯಾರವೆಂದರೇನೆಂಬುದನ್ನು ನೋಡೋಣ. ಸಾಮಾನ್ಯ ಗಡಿಯಾರದ ಸ್ಪ್ರಿಂಗನ್ನು ದಿನಕ್ಕೊಮ್ಮೆ ಕೀಲಿ ಕೊಟ್ಟು ಬಿಗಿಮಾಡಬೇಕು. ಸ್ವಯಂಚಾಲಿತ ಗಡಿಯಾರದ ಒಳಗೆ ಅರ್ಧಚಂದ್ರಾಕಾರದ ಒಂದು ಲೋಹದ ತೂಕವಿರುತ್ತದೆ. ಧರಿಸಿದವನ ಕೈ ಆಡಿದಂತೆಲ್ಲ ಅದು ತಿರುಗಿ, ತಾನೇ ಸ್ಪ್ರಿಂಗನ್ನು ಸುತ್ತುತ್ತದೆ. ಕೈಗಡಿಯಾರದಲ್ಲಿ ಈ ಏರ್ಪಾಡನ್ನು ಮೊದಲು ಸಾಧಿಸಿ ಮಾರುಕಟ್ಟೆಗೆ ತಂದವರಲ್ಲಿ ಜಾನ್ ಹಾರ್ವುಡ್ ಎಂಬ ಇಂಗ್ಲಿಷ್ ಗಡಿಯಾರ ರಿಪೇರಿಗಾರನು ಮುಖ್ಯನು. 1924ರಲ್ಲಿ ಅವನಿಗೆ ಸ್ವಿಟ್ಜರ್ಲೆಂಡಿನ ಪೇಟೆಂಟು ದೊರೆಯಿತು. ಕೀಲಿಯ ಗುಂಡಿಯ ರಂಧ್ರದಿಂದಲೇ ಧೂಳು, ತೇವ ಒಳಸೇರುವುದನ್ನು ಕಂಡಿದ್ದ ಅವನು ಆ ಗುಂಡಿಯನ್ನೇ ತೆಗೆದುಹಾಕಿದನು. 1931ರಲ್ಲಿ ರೋಲೆಕ್ಸ್ ಕಂಪನಿಯು ಸುತ್ತಲೂ ತಿರುಗುವ ತೂಕವನ್ನು ಬಳಕೆಗೆ ತಂದಿತು. 1969ರಲ್ಲಿ ಸ್ವಿಸ್ ಕಂಪನಿಗಳೂ ಜಪಾನಿನ ಸೀಕೊ ಕಂಪನಿಯೂ ಪೈಪೋಟಿಯಿಂದ ಒಂದೇ ವರ್ಷದಲ್ಲಿ ಸ್ವಯಂಚಾಲಿತ ಕ್ರೋನೊಗ್ರಾಫುಗಳನ್ನು, ಅಂದರೆ ಸಮಯ ತೋರಿಸುವುದರ ಜೊತೆಗೆ ಓಟದ ಪಂದ್ಯ ಮುಂತಾದವುಗಳ ಅವಧಿಯನ್ನೂ ಅಳೆಯಬಲ್ಲ ಗಡಿಯಾರಗಳನ್ನು, ಹೊರತಂದುವು. ಸೀಕೊ ಕಂಪನಿಯ ಆ ಯಂತ್ರದ ಸಂಖ್ಯೆ 6139.

ಈ 6139ರ ಹಳದಿ ಡಯಲಿನ ಮಾದರಿಯೊಂದಕ್ಕೆ ಸ್ವಾರಸ್ಯವಾದ ಚರಿತ್ರೆಯುಂಟು. ಅಮೆರಿಕದ ಗಗನಯಾತ್ರಿ ವಿಲಿಯಂ ಪೋಗ್ ಎಂಬವರು 1973ರ ನವೆಂಬರಿನಲ್ಲಿ ಸ್ಕೈಲ್ಯಾಬಿಗೆ ಹೊರಟಾಗ, ತರಬೇತಿಯ ಕಾಲದಲ್ಲಿ ರೂಢಿಯಾಗಿದ್ದ ತಮ್ಮ ಸ್ವಂತ ಸೀಕೊ ಗಡಿಯಾರವನ್ನು ಮೇಲಧಿಕಾರಿಗಳ ಅನುಮತಿಯಿಲ್ಲದೆಯೇ ಜೇಬಿನಲ್ಲಿಟ್ಟುಕೊಂಡು ಹೋದರು. ಅದು 84 ದಿನಗಳ ಕಾಲ ಅವರೊಡನೆ ಬಾಹ್ಯಾಕಾಶದಲ್ಲಿತ್ತು. 2008ರಲ್ಲಿ ಆ ಗಡಿಯಾರವು ಹರಾಜಿನಲ್ಲಿ 5,975 ಡಾಲರಿಗೆ ಮಾರಾಟವಾಯಿತು. ಅದೇ ಮಾದರಿಯ ಬೇರೆ ಗಡಿಯಾರಗಳು ಆಗ ಅದರ ಒಂದು ಸಣ್ಣ ಭಾಗಕ್ಕೇ ದೊರೆಯುತ್ತಿದ್ದುವು. ಲೋಹವೂ ಒಂದೇ, ಯಂತ್ರವೂ ಒಂದೇ. ಹೆಚ್ಚಿನ ಹಣವು ಸಂದದ್ದು ಅದು ಯಾರ ಕೈಯಲ್ಲಿತ್ತೆಂಬ ನಿಶ್ಚಿತವಾದ ಸಂಗತಿಗೆ.

ಇನ್ನು ನನ್ನ ತಪ್ಪಿನ ವಿಚಾರ. ನನ್ನ ಅಜ್ಜ ಸರಕು ಹಡಗಿನಲ್ಲಿ ಕೆಲಸಕ್ಕಿದ್ದವರು. ಯಾವುದೋ ಪರದೇಶದ ಬಂದರಿನಲ್ಲಿ ಕೊಂಡ ಇಂಥದೇ ಹಳದಿ ಡಯಲಿನ ಗಡಿಯಾರವನ್ನು ಅವರು ಸಾಯುವವರೆಗೂ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲನೆಯವನು. ಮುಂದಿನ ವರ್ಷ ಎಂ.ಎ. ಸೇರುವ ಖರ್ಚಿಗಾಗಿ ಅದನ್ನು ಮಾರಬಹುದೆಂದು ಅಪ್ಪ ಒಪ್ಪಿದರು. ಡಯಲಿನ ಮೇಲೆ ಕಂದು ಕಲೆಗಳಿದ್ದುವು. ಕೇಸಿನ ತುಂಬ ಗೀರುಗಳಿದ್ದುವು. ಹೊಳೆಯುವ ವಸ್ತುವಿಗೆ ಹೆಚ್ಚು ಬೆಲೆಯೆಂದು ಬಗೆದು ನಾನು ಪೇಟೆಯ ಅಂಗಡಿಯೊಂದರಲ್ಲಿ ಡಯಲಿಗೆ ಹೊಸ ಬಣ್ಣ ಹಾಕಿಸಿ, ಕೇಸಿಗೆ ಪಾಲಿಶ್ ಮಾಡಿಸಿದೆನು. ಅಂಗಡಿಯವರದೇನೂ ತಪ್ಪಿಲ್ಲ, ನಾನು ಹೇಳಿದ್ದನ್ನು ಅವರು ಮಾಡಿದರು.

ಅನಂತರ ಬೆಂಗಳೂರಿನ ಸಂಗ್ರಾಹಕರೊಬ್ಬರ ವಿಳಾಸ ದೊರೆಯಿತು. ಅವರಿಗೆ ಬರೆಯುವ ಮುನ್ನ ಇಂಥ ಗಡಿಯಾರಗಳ ಬಗ್ಗೆ ಓದತೊಡಗಿದಾಗ, ಮರುಬಣ್ಣದ ಡಯಲು ಬೆಲೆಯನ್ನು ತಗ್ಗಿಸುವುದೆಂದು ತಿಳಿದು ಎದೆ ಧಸಕ್ಕೆಂದಿತು. ಮೂಲ ಬಣ್ಣವನ್ನು ಕೆರೆದು ತೆಗೆದ ಮೇಲೆ ಅದನ್ನು ಮರಳಿ ತರುವುದು ಹೇಗೆ? ಕೇಳಿದರೆ ಮಾತ್ರ ಹೇಳೋಣವೆಂದು ನಾನು ಅಪ್ಪನಿಗೆ ಸೂಚಿಸಿದೆನು. ಮೂರನೆಯ ತರಗತಿಗೆ ಓದು ಬಿಟ್ಟವರು ನನ್ನ ಅಪ್ಪ. ಅವರು, “ಕೇಳುವ ಮೊದಲೇ ಹೇಳಬೇಕು ಮಗಾ. ಅಜ್ಜನ ಹೆಸರು ಹೇಳಿ ಮಾರುವ ವಸ್ತು ಅದು” ಎಂದರು. ಹಾಗೆಯೇ ಬರೆದೆನು. ಸಂಗ್ರಾಹಕರು ಗಡಿಯಾರವನ್ನು ಕೊಂಡರು. ಆದರೆ ನಾವು ಎಣಿಸಿದ್ದ ಹಣದಲ್ಲಿ ಅರ್ಧವೂ ಬರಲಿಲ್ಲ. ಹೊರಡುವಾಗ ಅವರು, “ನಿಮ್ಮ ಪತ್ರ ಇಲ್ಲದಿದ್ದರೆ ನಾನು ಇದನ್ನು ನೋಡಲೂ ಬರುತ್ತಿರಲಿಲ್ಲ” ಎಂದು ಅಪ್ಪನಿಗೆ ಹೇಳಿದರು.

ಆ ಮಾತಿನ ಅರ್ಥ ನನಗೆ ಸ್ಪಷ್ಟವಾದದ್ದು ಅರ್ಥಶಾಸ್ತ್ರದ ಓದಿನಿಂದ. 1970ರಲ್ಲಿ ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು ಹಳೆಯ ಮೋಟಾರು ಕಾರುಗಳ ಮಾರುಕಟ್ಟೆಯನ್ನು ಕುರಿತು ಪ್ರಬಂಧವೊಂದನ್ನು ಬರೆದರು. 2001ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಅವರ ವಾದದ ಸಾರಾಂಶವಿಷ್ಟು: ವಸ್ತುವಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ಎಲ್ಲವನ್ನೂ ಸಂಶಯದಿಂದ ನೋಡಿ ಕಡಿಮೆ ಬೆಲೆಯನ್ನೇ ಹೇಳುತ್ತಾನೆ. ಆ ಬೆಲೆಗೆ ಒಳ್ಳೆಯ ವಸ್ತುವಿನ ಒಡೆಯನು ಮಾರಲೊಲ್ಲನು. ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟ ವಸ್ತುಗಳೇ ಉಳಿಯುತ್ತವೆ. ನಮ್ಮ ದೇಶದ ಹಳೆಯ ಗಡಿಯಾರಗಳಿಗೆ ಒದಗಿರುವ ಗತಿಯೂ ಇದೇ. ಇಲ್ಲಿ ಮರುಬಣ್ಣದ ಡಯಲುಗಳು ಎಷ್ಟು ಹೆಚ್ಚೆಂದರೆ, ಭಾರತದಿಂದ ಬಂದ ಹಳೆಯ ಗಡಿಯಾರವೆಂದರೆ ಪರದೇಶದ ಸಂಗ್ರಾಹಕರು ಮೊದಲು ಸಂಶಯಪಡುತ್ತಾರೆ. ಈ ಸಂಶಯವನ್ನು ನೀಗಿಸಲು ಮಾರುವವನು ತಾನಾಗಿ ಹೇಳುವ, ಪರೀಕ್ಷಿಸಿ ನೋಡಬಹುದಾದ ಸತ್ಯವೇ ಬೇಕು.

ಆದುದರಿಂದ ಮಾರುವವನು ಗಮನಿಸಬೇಕಾದ ಅಂಶಗಳನ್ನು ಸಂಗ್ರಹಿಸಿ ಹೇಳುತ್ತೇನೆ. ಮೊದಲನೆಯದಾಗಿ, ಗಡಿಯಾರವನ್ನು ಇದ್ದಂತೆಯೇ ಇರಗೊಡಬೇಕು. ಒಣ ಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಪಾಲಿಶ್ ಮಾಡಿದಾಗ ಕೇಸಿನ ಅಂಚುಗಳು ಸವೆದು ಮೂಲ ಆಕಾರ ಅಳಿಯುತ್ತದೆ. ಬಹಳ ಹಳೆಯ ಗಡಿಯಾರಗಳಲ್ಲಿ ಕತ್ತಲೆಯಲ್ಲಿ ಹೊಳೆಯಲೆಂದು ರೇಡಿಯಂ ಬಳಿದಿರುವುದೂ ಉಂಟು. ಅಂಥದನ್ನು ಮನೆಯಲ್ಲಿ ಬಿಚ್ಚುವುದು ಅಪಾಯಕರ. ಎರಡನೆಯದಾಗಿ, ಅದರ ಸಂಖ್ಯೆಗಳನ್ನು ಬರೆದುಕೊಳ್ಳಬೇಕು. ಆ ಕಾಲದ ಸೀಕೊ ಗಡಿಯಾರದ ಹಿಂಬದಿಯ ಕ್ರಮಸಂಖ್ಯೆಯಲ್ಲಿ ಮೊದಲ ಅಂಕಿ ವರ್ಷದ ಕೊನೆಯ ಅಂಕಿಯನ್ನೂ ಎರಡನೆಯದು ತಿಂಗಳನ್ನೂ ಸೂಚಿಸುತ್ತವೆ. ನಮ್ಮ ಗಡಿಯಾರದ ಸಂಖ್ಯೆ 47 ಎಂದು ಆರಂಭವಾಗುತ್ತಿತ್ತು. 6139 ಯಂತ್ರವು ಹುಟ್ಟಿದ್ದೇ 1969ರಲ್ಲಿ ಆದುದರಿಂದ ಅದು 1964ರದಾಗಿರಲಾರದು; 1974ರ ಜುಲೈ ತಿಂಗಳಿನದು. ಮೂರನೆಯದಾಗಿ, ಹಗಲು ಬೆಳಕಿನಲ್ಲಿ ಡಯಲು, ಕೇಸಿನ ಪಕ್ಕಗಳು, ಹಿಂಬದಿ ಇವುಗಳ ಛಾಯಾಚಿತ್ರ ತೆಗೆಯಬೇಕು. ಗೀರು, ಕಲೆಗಳನ್ನು ಮರೆಮಾಡಬಾರದು. ಒಳಗಿನ ಯಂತ್ರದ ಚಿತ್ರ ಬೇಕಾದರೆ ನುರಿತ ರಿಪೇರಿಗಾರನಿಂದಲೇ ಮುಚ್ಚಳ ತೆಗೆಸಬೇಕು. ನಾಲ್ಕನೆಯದಾಗಿ, ಬದಲಾಯಿಸಿದ ಗಾಜು, ಮುಳ್ಳು, ಪಟ್ಟಿ ಮುಂತಾದವುಗಳ ಪಟ್ಟಿ ಕೊಡಬೇಕು. ತೆಗೆದ ಹಳೆಯ ಭಾಗಗಳಿದ್ದರೆ ಅವನ್ನೂ ಜೊತೆಗಿಡಬೇಕು. ಐದನೆಯದಾಗಿ, ಡಬ್ಬಿ, ರಸೀತಿ, ಅದನ್ನು ಕಟ್ಟಿಕೊಂಡವರ ಹಳೆಯ ಭಾವಚಿತ್ರ, ಇವೆಲ್ಲ ಸಾಕ್ಷ್ಯಗಳೇ. ಕೊನೆಯದಾಗಿ, ಬೆಲೆಯನ್ನು ತಿಳಿಯಲು ಜನರು ಕೇಳುತ್ತಿರುವ ಬೆಲೆಯನ್ನಲ್ಲ, ಹರಾಜುಗಳಲ್ಲಿ ನಿಜವಾಗಿ ಸಂದ ಬೆಲೆಯನ್ನು ನೋಡಬೇಕು. ಅದರಲ್ಲೂ ಹರಾಜಿನವರ ಪಾಲನ್ನು ಕಳೆದೇ ಲೆಕ್ಕ ಹಾಕಬೇಕು.

ಈ ವಿಷಯ ಪರದೇಶದ ಗಡಿಯಾರಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆಯನ್ನು ಆರಂಭಿಸಿದ ಎಚ್.ಎಂ.ಟಿ. ಸಂಸ್ಥೆಯು ಕೀಲಿಯ ಗಡಿಯಾರಗಳ ಜೊತೆಗೆ ಮುಂದೆ ಸ್ವಯಂಚಾಲಿತ ಗಡಿಯಾರಗಳನ್ನೂ ಮಾಡಿತು. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ತೀರ್ಮಾನಿಸಿದ ಮೇಲೆ ಸಂಗ್ರಾಹಕರು ಅವುಗಳನ್ನೂ ಹುಡುಕತೊಡಗಿದ್ದಾರೆ. ಓದುವ ಮಿತ್ರರಲ್ಲಿ ಅನೇಕರ ಮನೆಯ ಪೆಟ್ಟಿಗೆಯಲ್ಲಿ ಅಂಥದೊಂದು ಗಡಿಯಾರ ನಿಂತುಹೋಗಿ ಬಿದ್ದಿರಬಹುದು. ಅದನ್ನು ಮಾರುವಿರೋ ಇಟ್ಟುಕೊಳ್ಳುವಿರೋ ನಿಮ್ಮ ಇಚ್ಛೆ. ಆದರೆ ಅದನ್ನು ಉಜ್ಜಿ ಹೊಳಪು ಮಾಡಿಸುವ ಮುನ್ನ, ಯಾರು ಕೊಂಡರು, ಎಂದು ಕೊಂಡರು, ಯಾವ ಸಂದರ್ಭದಲ್ಲಿ ಕೊಂಡರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡಿ. ನನ್ನ ಅಜ್ಜ ಆ ಗಡಿಯಾರವನ್ನು ಯಾವ ಬಂದರಿನಲ್ಲಿ ಕೊಂಡರೆಂದು ಸಂಗ್ರಾಹಕರು ಕೇಳಿದಾಗ ನಮ್ಮ ಮನೆಯಲ್ಲಿ ಯಾರಿಗೂ ಉತ್ತರ ತಿಳಿದಿರಲಿಲ್ಲ.