ಅಜ್ಜನ ಪದ್ಮಿನಿಯಲ್ಲಿ ಆಫೀಸಿಗೆ

1984ರ ಆ ಪದ್ಮಿನಿ ಕಾರನ್ನು ಶೆಡ್ಡಿನಿಂದ ತೆಗೆದು ಬೆಂಗಳೂರಿನಲ್ಲಿ ದಿನಾ ಆಫೀಸಿಗೆ ಓಡಿಸ್ತೀನಿ ಅಂದೆಯಲ್ಲ, ಕೇಳಿ ತುಂಬಾ ಸಂತೋಷವಾಯಿತಪ್ಪ. ‘ಹಳೇ ಗಾಡಿ, ನಂಬೋ ಹಾಗಿಲ್ಲ’ ಅಂತ ನಿನ್ನಮ್ಮ ಹೇಳೋದನ್ನು ಮಾತ್ರ ನಾನು ಒಪ್ಪೋದಿಲ್ಲ. ಇದೇ ಪದ್ಮಿನಿಗಳು ಮುಂಬಯಿಯಲ್ಲಿ ಕಪ್ಪು ಹಳದಿ ಬಣ್ಣ ಹೊತ್ತು ದಶಕಗಟ್ಟಲೆ ಹಗಲು ರಾತ್ರಿ ಟ್ಯಾಕ್ಸಿಯಾಗಿ ದುಡಿದವು. ಕೊನೆಯವು ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ. ಅದೂ ಟ್ಯಾಕ್ಸಿಗಳಿಗಿರುವ 20 ವರ್ಷದ ಮಿತಿ ಮುಗಿಯಿತು ಅಂತ. 1089 ಸಿಸಿಯ ಆ ಎಂಜಿನ್ ದುಡಿದು ಕೆಡುವುದಕ್ಕಿಂತ ನಿಂತು ಕೆಡುವುದೇ ಹೆಚ್ಚು. ನಿನ್ನದು ವರ್ಷಗಟ್ಟಲೆ ನಿಂತ ಗಾಡಿ: ರಬ್ಬರ್ ಒಣಗಿರುತ್ತೆ, ಟ್ಯಾಂಕಿನೊಳಗೆ ತುಕ್ಕು, ವೈರಿನ ತುದಿಗಳಲ್ಲಿ ಕಿಲುಬು. ನಿನ್ನ ಕೆಲಸ ಇರುವುದು ಅಲ್ಲಿ.

ಹಾಗಾಗಿ ಪೇಂಟು, ಸೀಟ್ ಕವರ್ ಎಲ್ಲ ಆಮೇಲೆ. ಮೊದಲ ದುಡ್ಡು ಬ್ರೇಕಿಗೆ. ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕ್. ಡಿಸ್ಕ್ ಬ್ರೇಕಿನ ಗಾಡಿ ಓಡಿಸಿ ಬಂದ ನಿನ್ನ ಕಾಲಿಗೆ ಇದು ಹೊಸದು, ಮುಂದಿನ ಗಾಡಿಯಿಂದ ದೂರ ಬಿಟ್ಟು ಓಡಿಸು. ಹಳೆಯ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಬ್ರೇಕ್ ಲೈನು. ಒಂದು ಹೋಸ್ ಒಡೆದರೆ ಪೆಡಲ್ ನೆಲಕ್ಕಿಳಿಯುತ್ತೆ, ಆಗ ಕೈಗೆ ಸಿಗೋದು ಹ್ಯಾಂಡ್ ಬ್ರೇಕ್ ಮಾತ್ರ. ಅದಕ್ಕೇ ಮಾಸ್ಟರ್ ಸಿಲಿಂಡರು, ವೀಲ್ ಸಿಲಿಂಡರಿನ ರಬ್ಬರು, ಹೋಸುಗಳು ಇಷ್ಟನ್ನೂ ಒಟ್ಟಿಗೆ ಬದಲಿಸು. ‘ಇದೊಂದು ಇನ್ನೂ ಚೆನ್ನಾಗಿದೆ ಸಾರ್’ ಅಂತ ಮೆಕ್ಯಾನಿಕ್ ಅಂದರೂ ಒಪ್ಪಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹೊಸದು ಹಾಕಿಸು. ಟೈರಿನ ಟ್ರೆಡ್ ಎಷ್ಟೇ ಆಳವಿರಲಿ, ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದು. ಮೊದಲೆರಡು ವಾರ, ಕೊನೆಯೆರಡು ವರ್ಷ. ಗಾಡಿಯ ಜೊತೆ ಶೆಡ್ಡಿನಲ್ಲಿ ಮಲಗಿದ್ದ ಟೈರು ರಸ್ತೆಗೆ ಬೇಡ.

ಆಮೇಲೆ ಪೆಟ್ರೋಲ್. ಅಜ್ಜ ಹಾಕಿಸುತ್ತಿದ್ದ ಪೆಟ್ರೋಲ್ ಈಗಿಲ್ಲ. ಈಗಿನದರಲ್ಲಿ ಶೇ. 20ರವರೆಗೂ ಎಥನಾಲ್ ಇರುತ್ತೆ, ಹಳೇ ರಬ್ಬರಿಗೂ ಪಂಪಿನ ಡಯಾಫ್ರಾಮಿಗೂ ಅದು ಆಗಿಬರೋದಿಲ್ಲ. ಟ್ಯಾಂಕ್ ಇಳಿಸಿ ತೊಳೆಸು, ಪೈಪುಗಳನ್ನು ಎಥನಾಲ್ ತಡೆಯೋ ರಬ್ಬರಿಗೆ ಬದಲಿಸು, ಕಾರ್ಬುರೇಟರಿಗೆ ಮುಂಚೆ ಒಂದು ಫಿಲ್ಟರ್ ಹಾಕಿಸು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ. ಕೈಗೆಟುಕುವ ಹಾಗೆ ಒಂದು ಸಣ್ಣ ಅಗ್ನಿಶಾಮಕ ಸಿಲಿಂಡರ್ ಇರಲೇಬೇಕು, ಇದರಲ್ಲಿ ಚೌಕಾಸಿ ಬೇಡ.

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ನಿಂತಾಗ ಎಂಜಿನ್ ಬಿಸಿಗೆ ಪೆಟ್ರೋಲ್ ಪಂಪಿನಲ್ಲೇ ಆವಿಯಾಗಿ ಗಾಡಿ ಆಫ್ ಆಗಬಹುದು. ಆಗ ಹಳಬರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುತ್ತಿದ್ದರು. ಈಗಲೂ ಅದು ನಡೆಯುತ್ತೆ, ಆದರೆ ದಿನಾ ಅದೇ ಆಗಬಾರದಲ್ಲ. ರೇಡಿಯೇಟರ್ ಬಿಚ್ಚಿಸಿ ಒಳಗಿನ ಕೊಳೆ ತೆಗೆಸು, ಹೋಸು ಮತ್ತು ಫ್ಯಾನ್ ಬೆಲ್ಟ್ ಹೊಸದು ಹಾಕು, ನಲ್ಲಿ ನೀರಿನ ಬದಲು ಕೂಲಂಟ್ ತುಂಬು. ‘ನಮ್ಮ ಸೆಕೆಗೆ ಥರ್ಮೋಸ್ಟಾಟ್ ಯಾಕೆ’ ಅಂತ ಅದನ್ನು ಕಿತ್ತೆಸೆಯುವ ಅಭ್ಯಾಸ ನಮ್ಮಲ್ಲಿದೆ. ಅದು ತಪ್ಪು. ಅದಿಲ್ಲದಿದ್ದರೆ ಬೆಳಗಿನ ಹೊತ್ತು ಎಂಜಿನ್ ಬಿಸಿಯೇರೋಕೆ ತಡ, ಪೆಟ್ರೋಲ್ ದಂಡ, ಸವೆತವೂ ಹೆಚ್ಚು.

ಕರೆಂಟಿನ ತಾಪತ್ರಯಗಳಲ್ಲಿ ಬಹಳಷ್ಟು ಅರ್ಥಿಂಗಿನವು. ಬ್ಯಾಟರಿಯಿಂದ ಬಾಡಿಗೆ, ಎಂಜಿನ್ನಿನಿಂದ ಬಾಡಿಗೆ ಹೋಗುವ ಪಟ್ಟಿ ಬಿಚ್ಚಿ, ಲೋಹ ಹೊಳೆಯುವಷ್ಟು ಉಜ್ಜಿ ಮತ್ತೆ ಬಿಗಿಸು. ಅರ್ಧ ಕಾಯಿಲೆ ಅಲ್ಲೇ ವಾಸಿ. ಹೆಡ್‌ಲೈಟಿಗೆ ರಿಲೇ ಹಾಕಿಸು. ಪ್ಲಾಟಿನಂ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸೋದೂ ದಿನದ ಓಡಾಟಕ್ಕೆ ಒಳ್ಳೆಯದೇ. ಕಂಪನಿಯಿಂದ ಬಂದ ಹಾಗೇ ಇರಬೇಕು ಅನ್ನುವವರ ಮೇಲೆ ನನಗೆ ಗೌರವ ಇದೆ, ಆದರೆ ಅವರ ಗಾಡಿ ಭಾನುವಾರ ಮಾತ್ರ ಆಚೆ ಬರುತ್ತೆ. ತೆಗೆದದ್ದನ್ನೆಲ್ಲ ಹೆಸರು ಬರೆದು ಒಂದು ಡಬ್ಬಿಯಲ್ಲಿಡು, ಬೇಕಾದಾಗ ಹಾಕಬಹುದು. ಹಳೇ ಪಾಯಿಂಟು, ಕಂಡೆನ್ಸರ್ ಮಾತ್ರ ಡಿಕ್ಕಿಯಲ್ಲೇ ಇರಲಿ. ಎಲೆಕ್ಟ್ರಾನಿಕ್ ಡಬ್ಬಿ ಕೈಕೊಟ್ಟರೆ ದಾರಿಯಲ್ಲಿ ರಿಪೇರಿ ಆಗೋದಿಲ್ಲ, ಪಾಯಿಂಟನ್ನು ಯಾವ ಊರಿನ ಹಳೇ ಮೆಕ್ಯಾನಿಕ್ಕಾದರೂ ಕೂರಿಸಿ ಕೊಡುತ್ತಾನೆ.

ಇಷ್ಟನ್ನೂ ಒಂದೇ ವಾರದಲ್ಲಿ ಮಾಡಿಸಬೇಡ ಕಣೋ. ಒಂದು ಕೆಲಸ ಮುಗಿಸು, ನಾಲ್ಕು ದಿನ ಓಡಿಸು, ನೋಟ್‌ಬುಕ್ಕಿನಲ್ಲಿ ಕಿಲೋಮೀಟರ್ ಸಮೇತ ಬರೆದಿಡು, ಆಮೇಲೆ ಮುಂದಿನದು. ಐದು ಸಾಮಾನು ಒಟ್ಟಿಗೆ ಬದಲಿಸಿ ಗಾಡಿ ಮಿಸ್ ಹೊಡೆಯೋಕೆ ಶುರುವಾದರೆ ಯಾವುದರಿಂದ ಅಂತ ನಿನಗೂ ಗೊತ್ತಾಗೋದಿಲ್ಲ, ಮೆಕ್ಯಾನಿಕ್ಕಿಗೂ ಗೊತ್ತಾಗೋದಿಲ್ಲ. ಮೊದಲು ಬೆಳಗಿನ ಖಾಲಿ ರಸ್ತೆ, ಆಮೇಲೆ ತರಕಾರಿ ಮಾರ್ಕೆಟ್ಟು, ಕೊನೆಗೆ ಆಫೀಸು. ಶುರು ಮಾಡಿದ ಮೇಲೆ ವಾರಗಟ್ಟಲೆ ನಿಲ್ಲಿಸಬೇಡ. ಸ್ಪೇರಿಗೆ ಜೆ.ಸಿ. ರಸ್ತೆಯಲ್ಲಿ ಹುಡುಕು. ಹಳೇ ಸಾಮಾನು ಕೈಯಲ್ಲಿ ಹಿಡಿದು ಹೋಗು, ಹೊಸದನ್ನು ಪಕ್ಕದಲ್ಲಿಟ್ಟು ಹೋಲಿಸದೆ ದುಡ್ಡು ಕೊಡಬೇಡ.

ಆರ್‌ಸಿ ಐದೈದು ವರ್ಷಕ್ಕೆ ರಿನ್ಯೂ ಆಗಬೇಕು, ಅಜ್ಜನ ಫೈಲಿನಲ್ಲಿ ದಿನಾಂಕ ನೋಡಿಕೋ. 2034ಕ್ಕೆ ಗಾಡಿಗೆ 50 ತುಂಬುತ್ತೆ. ಆಗ ಯಾರಾದರೂ ‘ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿಬಿಡು, ಚೆಂದದ ನಂಬರ್ ಪ್ಲೇಟ್ ಸಿಗುತ್ತೆ’ ಅಂತಾರೆ. 2021ರಲ್ಲಿ ಬಂದ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಹಾಗೆ ರಿಜಿಸ್ಟರ್ ಆದ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲಿಗೆ ಬಿಟ್ಟರೆ ದಿನಾ ರಸ್ತೆಯಲ್ಲಿ ಓಡಿಸುವಂತಿಲ್ಲ. ಆಗಲೂ ಅದರಲ್ಲೇ ಆಫೀಸಿಗೆ ಹೋಗಬೇಕು ಅಂತಿದ್ದರೆ ಆ ಅರ್ಜಿಗೆ ಸಹಿ ಹಾಕಬೇಡ.