ಕಾರು ಕುಸಿದರೆ ಕಂಪ್ರೆಸರೇ ಕೆಟ್ಟಿದೆಯೇ?

ಮುಶಿಗೇರಿಯ ನಮ್ಮ ಮಾಮು ಮದುವೆಗಳಿಗೆ ಬಾಡಿಗೆ ಬಿಡಲು ಒಂದು ಹಳೆಯ ವಿದೇಶಿ ಕಾರು ಕೊಂಡಿದ್ದಾರೆ. ಒಂದು ಬೆಳಿಗ್ಗೆ ಅದರ ಹಿಂಭಾಗ ನೆಲಕ್ಕೆ ಕುಸಿದಿತ್ತು. ಒಂದು ಗ್ಯಾರೇಜಿನವರು, "ಕಂಪ್ರೆಸರ್ ಸುಟ್ಟಿದೆ, ಹೊಸದೇ ಹಾಕಬೇಕು" ಎಂದರು. ಆ ಹಣಕ್ಕಾಗಿ ಮುಮಾನಿ ತಮ್ಮ ಬಳೆಗಳನ್ನು ಅಡವಿಡಲು ತೆಗೆದಿಟ್ಟರು. ಆಗ ಮಾಮುವಿನ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರು, "ಮೊದಲು ಪರೀಕ್ಷೆ ಮಾಡೋಣ, ಆಮೇಲೆ ಖರ್ಚು" ಎಂದರು. ನಾನು ಕಾಮರ್ಸ್ ವಿದ್ಯಾರ್ಥಿ. ಆದರೂ ಅವರ ಪಕ್ಕ ನಿಂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಏರ್ ಸಸ್ಪೆನ್ಶನ್‌ನಲ್ಲಿ ಕಬ್ಬಿಣದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಭಾರ ಹೊರುತ್ತದೆ. ಐರಾವತ ವೋಲ್ವೊ ಬಸ್ಸುಗಳಲ್ಲೂ ಗಾಳಿಚೀಲಗಳಿವೆ. ಅಲ್ಲಿ ಕಂಪ್ರೆಸರನ್ನು ಎಂಜಿನ್ ತಿರುಗಿಸುತ್ತದೆ; ಮಾಮುವಿನ ಕಾರಿನಲ್ಲಿ 12 ವೋಲ್ಟ್ ಮೋಟಾರು ತಿರುಗಿಸುತ್ತದೆ. ಕಾರಿನ ಎತ್ತರ ಇಳಿದರೆ ಸೆನ್ಸರ್ ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರ್ ರಿಲೇ ಮೂಲಕ ಮೋಟಾರಿಗೆ ಕರೆಂಟು ಕೊಡುತ್ತದೆ.

ಪರೀಕ್ಷೆಯ ಕ್ರಮ ಹೀಗಿತ್ತು:

1. ಸುರಕ್ಷತೆ: ಬರೀ ಗಾಳಿಯ ಮೇಲೆ ಅಥವಾ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಹೋಗಬಾರದು. ಮೊದಲು ಗಟ್ಟಿಯಾದ ಸ್ಟ್ಯಾಂಡ್ ಇಡಬೇಕು.

2. ಬ್ಯಾಟರಿ: ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ನಮ್ಮದು 12.5 ಇತ್ತು.

3. ಫ್ಯೂಸ್: ಸರಿಯಾಗಿತ್ತು.

4. ರಿಲೇ: 'ಟಿಕ್' ಎಂದಿತು, ಆದರೆ ಮೋಟಾರಿನ ಬಳಿ ಮೀಟರ್ ಸೊನ್ನೆ ತೋರಿಸಿತು. ಅದೇ ನಂಬರಿನ ಬೇರೆ ರಿಲೇ ಹಾಕಿದೊಡನೆ ಕಂಪ್ರೆಸರ್ ಓಡಿತು! ಕರೆಂಟು ತಲುಪಿ, ಅರ್ಥಿಂಗ್ ಸರಿಯಿದ್ದೂ ಓಡದಿದ್ದರೆ ಮಾತ್ರ ಮೋಟಾರು ಕೆಟ್ಟಿದೆ ಎನ್ನಬೇಕು.

5. ಸೋಪಿನ ನೀರು: ಪೈಪು, ಜಾಯಿಂಟು, ಚೀಲಗಳಿಗೆ ಹಚ್ಚಿದೆವು. ಬಲಗಡೆ ಚೀಲದ ಮಡಿಕೆಯಲ್ಲಿ ಗುಳ್ಳೆ ಬಂತು. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಲ್ಲಿ ಅದ್ದಿ ನೋಡುವುದೂ ಇದೇ ಉಪಾಯ.

ರಿಲೇ ಏಕೆ ಸುಟ್ಟಿತು? ಗಾಳಿ ಸೋರಿದಷ್ಟೂ ಮೋಟಾರು ಮತ್ತೆ ಮತ್ತೆ ಓಡಬೇಕು. 12 ವೋಲ್ಟಿನಲ್ಲಿ 30 ಆಂಪಿಯರ್ ಎಳೆದರೆ 360 ವ್ಯಾಟ್. ಅಷ್ಟು ಕರೆಂಟು ಪ್ರತಿ ಸಲ ಆನ್-ಆಫ್ ಆದಾಗಲೂ ರಿಲೇಯೊಳಗೆ ಕಿಡಿ ಹಾರಿ ಕಾಂಟ್ಯಾಕ್ಟ್ ಸವೆಯುತ್ತದೆ, ಮೋಟಾರೂ ಕಾಯುತ್ತದೆ. ಸೋರಿಕೆ ನಿಲ್ಲಿಸದೆ ಹೊಸ ಕಂಪ್ರೆಸರ್ ಹಾಕಿದ್ದರೆ ಅದೂ ಬೇಗ ಸುಡುತ್ತಿತ್ತು.

ನಷ್ಟ ಎಲ್ಲಿ ಆಗುತ್ತಿದೆ ಎಂದು ನೋಡದೆ ಅಂಗಡಿಗೆ ಹೊಸ ಬಂಡವಾಳ ಹಾಕಿದ ಹಾಗೆಯೇ ಇದು. ಚೀಲ ಬರುವವರೆಗೆ ಒಂದು ಮದುವೆಯ ಬಾಡಿಗೆ ತಪ್ಪಿತು, ನಿಜ. ಆದರೆ ಚೀಲ, ರಿಲೇ ಎರಡೇ ಬದಲಾದವು. ಮುಮಾನಿಯ ಬಳೆ ಅವರ ಕೈಯಲ್ಲೇ ಉಳಿದವು.